ಜ್ವರ ಇಳಿದ ಮೇಲಿನ ಎರಡು ದಿನ

ಮುಂಬೈಯ ಪಶ್ಚಿಮ ಉಪನಗರಗಳಲ್ಲಿ, ಅಂಧೇರಿಗೂ ಗೋರೆಗಾಂವ್‌ಗೂ ನಡುವೆ ಬರುವ ಜೋಗೇಶ್ವರಿಯಲ್ಲಿ, ಮಳೆಗಾಲ ಹಿಡಿದುಕೊಂಡ ಮೇಲೆ ಜ್ವರವೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲಿ ವೈದ್ಯರು ಮೊದಲು ಹುಡುಕುವುದು ಮೂರು ಕಾಯಿಲೆಗಳನ್ನು: ಮಲೇರಿಯ, ಡೆಂಗಿ, ಮತ್ತು ಊರಿನವರೆಲ್ಲ ‘ಲೆಪ್ಟೊ’ ಎಂದು ಚುಟುಕಾಗಿ ಕರೆಯುವ ಲೆಪ್ಟೊಸ್ಪೈರೋಸಿಸ್, ಅಂದರೆ ಕರ್ನಾಟಕದಲ್ಲಿ ಇಲಿ ಜ್ವರವೆಂದು ಹೆಸರಾದ ಕಾಯಿಲೆ. ಮೊದಲ ಎರಡು ಮೂರು ದಿನ ಇವು ಒಂದರಂತೆ ಇನ್ನೊಂದು ಕಾಣುತ್ತವೆ. ಮೈ ಸುಡುತ್ತದೆ, ತಲೆ ಸಿಡಿಯುತ್ತದೆ, ಕೈಕಾಲು ಮುರಿದುಹೋದಂತೆ ನೋಯುತ್ತದೆ, ಊಟ ಸೇರುವುದಿಲ್ಲ. ಆದರೆ ಮೂರಕ್ಕೂ ಔಷಧ ಬೇರೆ, ಅಪಾಯ ಎರಗುವ ವೇಳೆಯೂ ಬೇರೆ. ರೋಗಿಯ ಪಕ್ಕದಲ್ಲಿ ಕುಳಿತ ಮನೆಯವರ ಕಣ್ಣು ಸಾಮಾನ್ಯವಾಗಿ ಥರ್ಮಾಮೀಟರಿನ ಮೇಲೂ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೂ ನೆಟ್ಟಿರುತ್ತದೆ. ಆಸ್ಪತ್ರೆಯ ಸಲಹೆಯನ್ನು ಗಮನವಿಟ್ಟು ಕೇಳಿದರೆ ಅದು ವಿಚಾರಿಸುವುದೇ ಬೇರೆ: ಜ್ವರ ಶುರುವಾದದ್ದು ಯಾವ ತಾರೀಖಿಗೆ, ಮೂತ್ರ ಹೋಗಿ ಎಷ್ಟು ಹೊತ್ತಾಯಿತು, ಹೊಟ್ಟೆ ನೋಯುತ್ತಿದೆಯೇ, ಕಳೆದ ಎರಡು ವಾರದಲ್ಲಿ ಕಾಲು ಯಾವ ನೀರಿಗೆ ಇಳಿದಿತ್ತು, ಯಾವ ಮಾತ್ರೆ ಆಗಲೇ ಹೊಟ್ಟೆ ಸೇರಿದೆ. ಇವುಗಳಿಗೆ ಉತ್ತರ ಯಾವ ಲ್ಯಾಬಿನಲ್ಲೂ ಸಿಗುವಂಥದ್ದಲ್ಲ. ಇದ್ದರೆ ಮನೆಯವರ ಬಳಿಯೇ ಇರಬೇಕು.

ಮೂರು ಜ್ವರಗಳಿಗೂ ನೀರಿನ ನಂಟಿದೆ, ಆದರೆ ಒಂದೊಂದಕ್ಕೆ ಒಂದೊಂದು ಬಗೆಯ ನೀರು. ಜೋಗೇಶ್ವರಿಯಲ್ಲಿ ಆ ಮೂರೂ ಬಗೆ ಅಕ್ಕಪಕ್ಕದಲ್ಲೇ ಇವೆ. ರೈಲು ಹಳಿಯ ಪೂರ್ವಕ್ಕೆ, ಸುಮಾರು 6ನೇ ಶತಮಾನದ್ದೆಂದು ವಿದ್ವಾಂಸರು ಹೇಳುವ ಗುಹಾದೇವಾಲಯ ನೆಲಮಟ್ಟಕ್ಕಿಂತ ತಗ್ಗಿನಲ್ಲಿದ್ದು, ಅದನ್ನು ಒತ್ತಿಕೊಂಡೇ ಬೆಳೆದ ವಸತಿಗಳ ಕಡೆಯಿಂದ ಮಳೆನೀರು ಅದರೊಳಕ್ಕೆ ಇಳಿಯುತ್ತದೆ. ಆರೇ ಕಾಲೊನಿಯ ದಿಬ್ಬಗಳಲ್ಲಿ ಹುಟ್ಟುವ ಓಶಿವರಾ ನದಿ, ಈಗ ನೋಡುವವರಿಗೆ ದೊಡ್ಡದೊಂದು ನಾಲೆಯಂತೆ ಕಂಡರೂ, ಗೋರೆಗಾಂವ್ ಮತ್ತು ಜೋಗೇಶ್ವರಿಗಳನ್ನು ಹಾದು ಮಾಲಾಡಿನ ಖಾರಿಯನ್ನು ಸೇರುತ್ತದೆ, ಜೋರು ಮಳೆ ಬಂದಾಗ ಉಕ್ಕಿ ಗಲ್ಲಿಗಳಿಗೆ ನುಗ್ಗುತ್ತದೆ. ಪಶ್ಚಿಮ ಭಾಗದಲ್ಲಿ ಎಮ್ಮೆಗಳ ತಬೇಲಾಗಳಿವೆ. ಇವುಗಳ ನಡುವೆ ಹಳೆಯ ಚಾಳುಗಳನ್ನು ಕೆಡವಿ ಗೋಪುರದಂಥ ಕಟ್ಟಡಗಳನ್ನು ಎಬ್ಬಿಸುವ ಕೆಲಸ ನಡೆದೇ ಇರುತ್ತದೆ. ಆ ಕೆಲಸಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದ ಕನ್ನಡಿಗರೂ ಸೇರಿದಂತೆ ಹಲವು ಸೀಮೆಗಳ ಕೂಲಿಕಾರರು ಅಲ್ಲೇ ಶೆಡ್ಡು ಹಾಕಿಕೊಂಡು ಬದುಕುತ್ತಾರೆ. ಉಕ್ಕಿ ಬಂದ ಕೊಳೆನೀರು ಲೆಪ್ಟೊಗೆ ದಾರಿ; ಮನೆಯೊಳಗೆ ಶೇಖರಿಸಿಟ್ಟ ತಿಳಿನೀರು ಡೆಂಗಿಗೆ; ಮಹಡಿಯ ಮೇಲಿನ ಟ್ಯಾಂಕು, ಬಾವಿ, ಕಟ್ಟಡದ ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ನೀರು ಮಲೇರಿಯಕ್ಕೆ. ಈ ಕೊನೆಯದು ಹೊಸ ಸಂಗತಿಯೇನಲ್ಲ. ಮಲೇರಿಯ ತಜ್ಞರಾದ ಬೆಂಟ್ಲಿ 1911ರಲ್ಲಿ, ಕೊವೆಲ್ 1928ರಲ್ಲಿ ಮುಂಬೈ ಮಲೇರಿಯದ ಬಗ್ಗೆ ಸಲ್ಲಿಸಿದ ವರದಿಗಳು ಬೊಟ್ಟುಮಾಡಿದ್ದು ಕಾಡು ಗದ್ದೆಗಳ ಕಡೆಗಲ್ಲ, ಮನೆಬಾವಿ ಮತ್ತು ಟ್ಯಾಂಕುಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಪಟ್ಟಣವಾಸಿ ಸೊಳ್ಳೆಯ ಕಡೆಗೆ. ಟ್ಯಾಂಕಿಗೆ ಸೊಳ್ಳೆ ನುಸುಳದಂಥ ಮುಚ್ಚಳವಿರಬೇಕು, ಅದನ್ನು ಪರೀಕ್ಷಿಸಲು ಏಣಿಯಿರಬೇಕು ಎಂದು ಮಹಾನಗರಪಾಲಿಕೆ ಇಂದಿಗೂ ಹೌಸಿಂಗ್ ಸೊಸೈಟಿಗಳ ಬೆನ್ನು ಹತ್ತುವುದರ ಹಿಂದೆ ಇರುವುದು ಆ ಕಾಲದ ಪಾಠವೇ.

ಮೂರರಲ್ಲಿ ಮನೆಯವರನ್ನು ಹೆಚ್ಚು ದಾರಿ ತಪ್ಪಿಸುವುದು ಡೆಂಗಿ. ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆಯಿಂದ ಹರಡುವ ಈ ವೈರಾಣುವಿಗೆ ನೇರವಾದ ಔಷಧವಿಲ್ಲ. ಚಿಕಿತ್ಸೆಯೆಂದರೆ ದೇಹವನ್ನು ಅಪಾಯದ ಹಂತದಾಚೆಗೆ ಸುರಕ್ಷಿತವಾಗಿ ದಾಟಿಸುವುದು. ಆ ಹಂತ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಕಾಯಿಲೆಯ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಮೈಬಿಸಿ ತಗ್ಗುತ್ತ ಬರುವ ವೇಳೆಗೆ, ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಕ್ಕೆ ಜಿನುಗಿ ಹೊಟ್ಟೆ ಮತ್ತು ಎದೆಯ ಪೊಳ್ಳುಗಳಲ್ಲಿ ಸೇರಿಕೊಳ್ಳುತ್ತದೆ. ಜಿನುಗುವಿಕೆ ಸುಮಾರು 24ರಿಂದ 48 ಗಂಟೆ ನಡೆಯುತ್ತದೆ. ನಾಳದೊಳಗೆ ಉಳಿದ ರಕ್ತ ಮಂದವಾಗುತ್ತದೆ, ಒತ್ತಡ ಕುಸಿಯುತ್ತದೆ, ಮೂತ್ರಪಿಂಡಗಳಿಗೆ ಹೋಗುವ ರಕ್ತ ಕಡಿಮೆಯಾಗಿ ಮೂತ್ರ ಇಂಗುತ್ತದೆ. ಥರ್ಮಾಮೀಟರ್ ನೋಡಿ ‘ಇವತ್ತು ಜ್ವರ ಬಿಟ್ಟಿತು’ ಎಂದು ಮನೆಯವರು ನಿಟ್ಟುಸಿರು ಬಿಡುವ ದಿನ ಆಸ್ಪತ್ರೆಯ ಲೆಕ್ಕದಲ್ಲಿ ಹೆಚ್ಚು ಎಚ್ಚರದಿಂದ ಇರಬೇಕಾದ ದಿನ. ಕೆಲಸಕ್ಕೆ ಹೋಗುವವರು ಅದೇ ದಿನ ಕೆಲಸಕ್ಕೆ ಹೊರಡುತ್ತಾರೆ, ದವಾಖಾನೆಗೆ ಮರಳಿ ತೋರಿಸಬೇಕಾದವರು ತೋರಿಸದೆ ಉಳಿಯುತ್ತಾರೆ.

ಈ ಎರಡು ದಿನ ಏನನ್ನು ನೋಡಬೇಕೆಂಬುದು ಸ್ಪಷ್ಟವಾಗಿದೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪಾದ ಮಲ, ಹೆಂಗಸರಲ್ಲಿ ಹೊತ್ತಲ್ಲದ ಹೊತ್ತಿನ ಅಥವಾ ಅತಿಯಾದ ಮುಟ್ಟಿನ ಸ್ರಾವ, ತಣ್ಣಗಾದ ಕೈಕಾಲು, ಎಬ್ಬಿಸಿದರೂ ಏಳದಂಥ ಮಂಪರು ಅಥವಾ ಅದಕ್ಕೆ ವಿರುದ್ಧವಾದ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಹೋಗಬೇಕು. ಬಾಯಿಂದ ದ್ರವ ಕುಡಿಯಬಲ್ಲ, ಕನಿಷ್ಠ ಆರು ಗಂಟೆಗೊಮ್ಮೆ ಮೂತ್ರ ಮಾಡುವ, ಅಪಾಯದ ಚಿಹ್ನೆಯಿಲ್ಲದ ರೋಗಿಯನ್ನು ಮನೆಗೆ ಕಳಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿ ಗರ್ಭಿಣಿಯರು, ಹಸುಗೂಸುಗಳು, ವೃದ್ಧರು, ಸಕ್ಕರೆ ಕಾಯಿಲೆಯವರು ಇವರ ಜೊತೆಗೆ ಒಂಟಿಯಾಗಿ ವಾಸಿಸುವವರನ್ನೂ ಆಸ್ಪತ್ರೆಯಲ್ಲಿಟ್ಟು ನೋಡಬೇಕಾದವರ ಪಟ್ಟಿಗೆ ಸೇರಿಸಿದೆ, ಮುಂಬೈಯಂಥ ಊರಿಗೆ ಇದಕ್ಕಿಂತ ಹೊಂದುವ ಮಾತು ಸಿಗಲಾರದು. ಹೋಟೆಲಿನ ಮೇಲಿನ ಕೋಣೆಯಲ್ಲಿ ಎಂಟು ಹತ್ತು ಜನರೊಂದಿಗೆ ಮಲಗುವ ಕರಾವಳಿಯ ಹುಡುಗ ಲೆಕ್ಕಕ್ಕೆ ಒಂಟಿಯಲ್ಲ. ಆದರೆ ಉಳಿದವರು ಬೆಳಿಗ್ಗೆ ಐದಕ್ಕೇ ಕೆಳಗಿಳಿದರೆ ಅವನಿಗೆ ನೀರು ಕೊಡುವವರೂ ಇಲ್ಲ, ಅವನು ಮೂತ್ರಕ್ಕೆ ಎದ್ದನೇ ಇಲ್ಲವೇ ಎಂದು ಕೇಳುವವರೂ ಇಲ್ಲ. ಅಂಥವನನ್ನು ಕರೆತಂದವರು ಈ ಸಂಗತಿಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಅವರ ನಿರ್ಧಾರ ಅದರಿಂದ ಬದಲಾಗಬಹುದು.

ಪ್ಲೇಟ್‌ಲೆಟ್ ಎಂಬ ರಕ್ತ ಹೆಪ್ಪುಗಟ್ಟಿಸುವ ಕಣಗಳ ಸಂಖ್ಯೆ ಆರೋಗ್ಯವಂತರಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ. ಡೆಂಗಿಯಲ್ಲಿ ಅದು ಇಳಿಯುವುದು ಸಹಜ, ಹಂತ ದಾಟಿದ ಮೇಲೆ ತಾನಾಗಿಯೇ ಏರುವುದೂ ಸಹಜ. ರಕ್ತಸ್ರಾವವಿಲ್ಲದ ರೋಗಿಗೆ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಹೊರಗಿನಿಂದ ಪ್ಲೇಟ್‌ಲೆಟ್ ಕೊಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲವೆಂದು ಭಾರತದ ಚಿಕಿತ್ಸಾ ಮಾರ್ಗಸೂಚಿಯೇ ಹೇಳುತ್ತದೆ. ಆದರೂ ನಲವತ್ತು ಸಾವಿರ ಎಂಬ ಅಂಕಿ ಕಂಡೊಡನೆ ಮನೆಯವರು ರಕ್ತನಿಧಿಗಳಿಗೆ ಓಡುವುದೂ, ಪಪಾಯಿ ಎಲೆಯ ಕಹಿ ರಸವನ್ನು ವಾಂತಿ ಮಾಡುತ್ತಿರುವ ರೋಗಿಯ ಗಂಟಲಿಗೆ ಸುರಿಯುವುದೂ ನಡೆದೇ ಇದೆ. ಎಲೆಯ ರಸದಿಂದ ಸಂಖ್ಯೆ ಬೇಗ ಏರಬಹುದೆಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿದ್ದರೂ ಜಿನುಗುವ ಪ್ಲಾಸ್ಮಾವನ್ನು ಅದು ನಿಲ್ಲಿಸುತ್ತದೆಂಬುದಕ್ಕೆ ಆಧಾರವಿಲ್ಲ; ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಆ ಜಿನುಗುವಿಕೆಯೇ. ರಕ್ತಪರೀಕ್ಷೆಯ ಅದೇ ಕಾಗದದಲ್ಲಿ ‘ಪಿಸಿವಿ’ ಅಥವಾ ಹೆಮಟೋಕ್ರಿಟ್ ಎಂಬ ಇನ್ನೊಂದು ಸಾಲಿರುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲೆಷ್ಟು ಎಂಬುದನ್ನು ಶೇಕಡಾದಲ್ಲಿ ಹೇಳುವ ಆ ಅಂಕಿ, ಪ್ಲೇಟ್‌ಲೆಟ್ ಇಳಿಯುವ ಹೊತ್ತಿನಲ್ಲೇ ಏರತೊಡಗಿದರೆ ರಕ್ತ ಮಂದವಾಗುತ್ತಿದೆ, ಅಂದರೆ ಪ್ಲಾಸ್ಮಾ ಸೋರುತ್ತಿದೆ ಎಂದರ್ಥ. ವೈದ್ಯರ ಕಣ್ಣು ಹುಡುಕುವುದು ಆ ಸಾಲನ್ನು.

‘ಒಂದು ಸಲೈನ್ ಹಾಕಿಬಿಡಿ’ ಎಂಬ ಒತ್ತಾಯವೂ ಪ್ಲೇಟ್‌ಲೆಟ್ ಹಿಂದಿನ ಓಟದ ಜಾತಿಯದೇ. ಸೋರುವ ಹಂತದಲ್ಲಿ ಅಳತೆಯಿಟ್ಟು ಕೊಟ್ಟ ಸಲೈನ್ ಜೀವ ಉಳಿಸುತ್ತದೆ. ಆದರೆ ಒಂದೆರಡು ದಿನಗಳ ಬಳಿಕ ಹೊರಗೆ ಸೇರಿದ ದ್ರವ ಮರಳಿ ರಕ್ತನಾಳಕ್ಕೆ ಹೀರಲ್ಪಡುವಾಗ, ಬೇಡದೆ ಏರಿಸಿದ ಬಾಟಲಿಗಳ ಭಾರ ಶ್ವಾಸಕೋಶಗಳ ಮೇಲೆ ಬಿದ್ದು ಉಸಿರಾಟ ಕಟ್ಟುತ್ತದೆ. ಬಾಯಿಂದ ಕುಡಿಯಬಲ್ಲವನಿಗೆ ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್‌ಗಳೇ ಸಾಕು. ಗಲ್ಲಿಯ ದವಾಖಾನೆಯಲ್ಲಿ ಮೈಕೈ ನೋವಿಗೆಂದು ಸೊಂಟಕ್ಕೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನಿನಿಂದಲೂ ದೂರವಿರಬೇಕು. ಪ್ಲೇಟ್‌ಲೆಟ್ ಇಳಿದ ದೇಹದಲ್ಲಿ ಸೂಜಿ ಹೊಕ್ಕ ಮಾಂಸಖಂಡದೊಳಗೆ ರಕ್ತ ಸೋರಿ ಗಡ್ಡೆ ಕಟ್ಟುವ ಭಯವಿದೆ.

ಲೆಪ್ಟೊದ ಸ್ವಭಾವ ಬೇರೆ. ಇದು ವೈರಾಣುವಲ್ಲ, ಸುರುಳಿಯಾಕಾರದ ಬ್ಯಾಕ್ಟೀರಿಯ. ಇಲಿ, ಹೆಗ್ಗಣಗಳ ಮೂತ್ರದಲ್ಲಷ್ಟೇ ಅಲ್ಲದೆ ಸೋಂಕು ತಗಲಿದ ನಾಯಿ, ಹಂದಿ, ದನ, ಎಮ್ಮೆಗಳ ಮೂತ್ರದಲ್ಲೂ ಹೊರಬಂದು, ನಿಂತ ನೀರಿನಲ್ಲಿ ಬದುಕಿದ್ದು, ಕಾಲಿನ ಸಣ್ಣ ಗಾಯ ಅಥವಾ ಬಿರುಕಿನಿಂದ, ಕಣ್ಣು ಬಾಯಿಯ ಪೊರೆಯಿಂದ ಒಳನುಗ್ಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾದ ಮೇಲೆ, ಉಪನಗರಗಳ ಜನ ಎದೆಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ನಡೆದು ಮನೆ ಸೇರಿದ ಮೇಲೆ, ಆಗಸ್ಟ್ ತಿಂಗಳಿನಲ್ಲಿ ನಗರದ ಆಸ್ಪತ್ರೆಗಳು ಈ ಜ್ವರದವರಿಂದ ತುಂಬಿದವು. ನೀರಿಗಿಳಿದ ದಿನಕ್ಕೂ ಜ್ವರ ಬರುವ ದಿನಕ್ಕೂ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ಅಂತರವಿರುವುದರಿಂದ, ಜ್ವರ ಕಾಣುವ ವೇಳೆಗೆ ಆ ನೀರು ಮರೆತೇ ಹೋಗಿರುತ್ತದೆ. ಮೀನಖಂಡ ಮುಟ್ಟಿದರೆ ಸಾಕು ಚೀರುವಂಥ ನೋವು, ಪಿಚ್ಚಿಲ್ಲದೆ ಕೆಂಪಾದ ಕಣ್ಣು, ತಲೆನೋವು ಇದರ ಗುರುತು. ಬಿಗಡಾಯಿಸಿದರೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕೆಮ್ಮಿನಲ್ಲಿ ರಕ್ತ ಕಾಣುತ್ತದೆ.

ಇಲ್ಲಿ ಪರೀಕ್ಷೆಯ ವರದಿಯನ್ನು ಕಾಯುವುದೇ ಅಪಾಯ. ಲೆಪ್ಟೊಗೆ ಮಾಡುವ ಸಾಮಾನ್ಯ ರಕ್ತಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು; ಅವು ತಲೆದೋರಲು ಐದಾರು ದಿನ ಬೇಕಾಗುವುದರಿಂದ ಎರಡನೆಯ ದಿನದ ‘ನೆಗೆಟಿವ್’ ವರದಿಗೆ ಬೆಲೆಯಿಲ್ಲ. ವೈದ್ಯರು ಅನುಮಾನದ ಮೇಲೆಯೇ ಆ್ಯಂಟಿಬಯೋಟಿಕ್ ಆರಂಭಿಸಬೇಕಾಗುತ್ತದೆ, ಆ ಅನುಮಾನ ಹುಟ್ಟಬೇಕಾದರೆ ಕಾಲು ನೀರಿಗಿಳಿದ ಕತೆ ಅವರಿಗೆ ಗೊತ್ತಿರಬೇಕು. ಡೆಂಗಿಯಲ್ಲಿಯೂ ಹೀಗೆ ದಿನದ ಲೆಕ್ಕವುಂಟು. ವೈರಾಣುವಿನ ತುಣುಕನ್ನೇ ಹಿಡಿಯುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಿಗೆ ಸರಿ, ಪ್ರತಿಕಾಯ ತೋರುವ ಐಜಿಎಂ ಪರೀಕ್ಷೆ ಆನಂತರಕ್ಕೆ. ಜ್ವರದ ಮೊದಲ ದಿನ ಯಾವುದೆಂದು ತಪ್ಪಾಗಿ ಹೇಳಿದರೆ ಸರಿಯಾದ ಪರೀಕ್ಷೆಯೂ ತಪ್ಪು ಉತ್ತರ ಕೊಡುತ್ತದೆ.

ಲೆಪ್ಟೊ ವಿಷಯದಲ್ಲಿ ಒಂದು ಅನುಕೂಲವಿದೆ, ಮೊದಲೇ ಮಾತ್ರೆ ನುಂಗಿ ಅದನ್ನು ತಡೆಯಬಹುದು; ಆದರೆ ಜನ ಇದನ್ನು ಬಳಸಿಕೊಳ್ಳುವುದು ಕಡಿಮೆ. ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋದ 940 ಅಮೆರಿಕನ್ ಸೈನಿಕರ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಸೇವಿಸಿದವರಲ್ಲಿ ಒಬ್ಬನಿಗೆ, ಹುಸಿಮಾತ್ರೆ ಪಡೆದವರಲ್ಲಿ ಇಪ್ಪತ್ತು ಜನರಿಗೆ ಲೆಪ್ಟೊ ತಗಲಿತು. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಡೆದವರು 24ರಿಂದ 72 ಗಂಟೆಗಳೊಳಗೆ ವೈದ್ಯರನ್ನು ಕಂಡು ತಡೆಮಾತ್ರೆ ತೆಗೆದುಕೊಳ್ಳಬೇಕೆಂದು ಮುಂಬೈ ಮಹಾನಗರಪಾಲಿಕೆ ವರ್ಷವರ್ಷವೂ ಸಾರುವುದು ಇಂಥ ಆಧಾರದ ಮೇಲೆ. ನೀರಿನಲ್ಲಿ ಒಮ್ಮೆ ನಡೆದವರಿಗೆ ಒಂದು ಲೆಕ್ಕ, ಕಾಲಿಗೆ ಗಾಯವಿದ್ದವರಿಗೆ ಇನ್ನೊಂದು, ನೀರಿನಲ್ಲೇ ದಿನವೂ ದುಡಿಯುವವರಿಗೆ ಮತ್ತೊಂದು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಈ ಮಾತ್ರೆ ಸಲ್ಲದು, ಅವರಿಗೆ ಅಜಿತ್ರೋಮೈಸಿನ್ ಕೊಡುತ್ತಾರೆ. ಆದ್ದರಿಂದ ಮೆಡಿಕಲ್ ಸ್ಟೋರಿನಿಂದ ತಾನೇ ಕೊಂಡು ನುಂಗುವ ಬದಲು ಪಾಲಿಕೆಯ ದವಾಖಾನೆಯಲ್ಲಿ ಕೇಳುವುದು ಮೇಲು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಊಟದ ಮೇಲೆ, ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಇರಬೇಕು; ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ.

ಮಲೇರಿಯದ ವಿಷಯ ಇವುಗಳಿಗಿಂತ ಸರಳ, ಒಂದು ಎಡವಟ್ಟಿನ ಹೊರತು. ಮುಂಬೈಯಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಬಗೆಯ ಪರೋಪಜೀವಿ ರಕ್ತದಿಂದ ಹೋದ ಮೇಲೂ ಯಕೃತ್ತಿನಲ್ಲಿ ಅಡಗಿ ಕುಳಿತು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಜ್ವರ ತರುತ್ತದೆ. ಮೂರು ದಿನದ ಕ್ಲೋರೋಕ್ವಿನ್ ಜ್ವರವನ್ನು ಬಿಡಿಸುತ್ತದೆ. ಅಡಗಿದ್ದನ್ನು ಕೊಲ್ಲುವುದು ಹದಿನಾಲ್ಕು ದಿನದ ಪ್ರೈಮಾಕ್ವಿನ್. ನಾಲ್ಕನೆಯ ದಿನಕ್ಕೆ ಮೈ ಹಗುರಾದ ರೋಗಿ ಉಳಿದ ಮಾತ್ರೆಗಳನ್ನು ಕಪಾಟಿಗೆ ಸೇರಿಸಿದರೆ, ಮುಂದೆ ಬರುವ ಜ್ವರಕ್ಕೆ ಹೊಸ ಸೊಳ್ಳೆಯನ್ನು ದೂರಬೇಕಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ, ಮಾತ್ರೆ ಶುರುಮಾಡಿದ ಮೇಲೆ ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ ಇದನ್ನು ಕೊಡುವುದೇ ಇಲ್ಲ.

ಯಾವ ಜ್ವರವೆಂದು ತಿಳಿಯುವವರೆಗೆ ಮನೆಯಲ್ಲಿ ಕೊಡಬಹುದಾದ ಮಾತ್ರೆ ಪ್ಯಾರಸಿಟಮಾಲ್ ಒಂದೇ, ಅದೂ ಲೆಕ್ಕವಿಟ್ಟು. ವಯಸ್ಕರಿಗೆ 650 ಮಿಲಿಗ್ರಾಮಿನ ಮಾತ್ರೆ ಆರು ಗಂಟೆಗೊಂದರಂತೆ ದಿನಕ್ಕೆ ನಾಲ್ಕನ್ನು ಮೀರಬಾರದು. ನೆಗಡಿಗೆಂದು ಕೊಳ್ಳುವ ಹಲವು ಮಾತ್ರೆಗಳಲ್ಲಿಯೂ ಇದೇ ಔಷಧ ಬೆರೆತಿರುವುದರಿಂದ, ಡೋಲೋದಂಥ ಪ್ಯಾರಸಿಟಮಾಲ್ ಮಾತ್ರೆಯ ಜೊತೆಗೆ ಅವನ್ನೂ ನುಂಗಿದರೆ ಯಕೃತ್ತಿಗೆ ಇಮ್ಮಡಿ ಹೊರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್‌ಗಳು ರಕ್ತಸ್ರಾವವನ್ನು ಹೆಚ್ಚಿಸುವಂಥವು, ಜ್ವರಕ್ಕೆಂದು ಅವುಗಳನ್ನು ಕೊಡಬಾರದು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ದಿನವೂ ನುಂಗುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ಲನ್ನು ಈ ಮಾತು ಕೇಳಿ ತಾವಾಗಿ ನಿಲ್ಲಿಸುವುದೂ ಅಷ್ಟೇ ಕೇಡು. ಅದು ವೈದ್ಯರು ತೂಗಿ ನೋಡಬೇಕಾದ ನಿರ್ಧಾರ. ಮಕ್ಕಳ ವಿಷಯದಲ್ಲಿ ಅಪಾಯ ಬಾಟಲಿಯಲ್ಲಿದೆ. ಪ್ಯಾರಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧವಿದ್ದರೆ, ಸಿರಪ್ಪಿನ ಐದು ಮಿಲಿಲೀಟರಿನಲ್ಲಿ 120 ಅಥವಾ 250 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ಎರಡರಿಂದ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬುದು ಒಂದು ಸಲದ ಪ್ರಮಾಣ, ಆದ್ದರಿಂದ ತೂಕ ಗೊತ್ತಿಲ್ಲದೆ ಚಮಚ ಎತ್ತಬಾರದು. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಕದಡಿದರೆ ಉಪ್ಪು ಅತಿಯಾಗುತ್ತದೆ. ಅಂಗಡಿಯ ಸಿಹಿ ಪೇಯಗಳ ಪೊಟ್ಟಣದ ಮೇಲೆ ಓಆರ್‌ಎಸ್ ಎಂದು ಅಚ್ಚುಹಾಕುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಷೇಧಿಸಿದ್ದು ತಡವಾಗಿಯಾದರೂ ಒಳ್ಳೆಯದೇ ಆಯಿತು.

ಮುಂಬೈ ಕನ್ನಡಿಗರ ಮಟ್ಟಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ಇವರ ಬದುಕು ಎರಡು ಊರುಗಳಲ್ಲಿ ಹಂಚಿಹೋಗಿದ್ದು, ಮದುವೆ, ಕೋಲ, ಜಾತ್ರೆಗಳಿಗೆ ಮಂಗಳೂರಿನ ಕಡೆಗೆ ಓಡುವ ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಬರುವುದು ಸಾಮಾನ್ಯ; ಜ್ವರವೂ ಅದೇ ರೈಲಿನಲ್ಲಿ ಪ್ರಯಾಣಿಸುತ್ತದೆ. ಮಂಗಳೂರು ಬಹುಕಾಲ ಕರ್ನಾಟಕದ ಮಲೇರಿಯದ ಮುಖ್ಯ ನೆಲೆಯಾಗಿತ್ತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನ ಕಾಡಂಚಿನಲ್ಲಿ ಉಣುಗುಗಳಿಂದ ಹರಡುವ ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಈಗ ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಬಂದಿದೆ. ರಜೆ ಮುಗಿಸಿ ಸಾಗರ, ತೀರ್ಥಹಳ್ಳಿಗಳಿಂದ ಮರಳಿದವರಿಗೆ ಏಪ್ರಿಲಿನಲ್ಲಿ ಜ್ವರ ಬಂದರೆ ಜೋಗೇಶ್ವರಿಯ ವೈದ್ಯರಿಗೆ ಆ ಹೆಸರು ತಾನಾಗಿ ಹೊಳೆಯುವುದು ಕಷ್ಟ; ತೋಟಕ್ಕೆ, ಕಾಡಿಗೆ ಹೋಗಿದ್ದೆವು, ಅಲ್ಲಿ ಮಂಗ ಸತ್ತ ಸುದ್ದಿಯಿತ್ತು ಎಂದು ಮನೆಯವರೇ ಹೇಳಬೇಕು.

ಹೋಗುವುದೆಲ್ಲಿಗೆ ಎಂಬುದೂ ಮೊದಲೇ ಗೊತ್ತಿದ್ದರೆ ಗಾಬರಿಯ ಹೊತ್ತಿನಲ್ಲಿ ಸಮಯ ಉಳಿಯುತ್ತದೆ. ಸಾಧಾರಣ ಜ್ವರಕ್ಕೆ ಪಾಲಿಕೆಯ ದವಾಖಾನೆಗಳೂ, 2022ರಿಂದ ಆರಂಭವಾದ ‘ಆಪ್ಲಾ ದವಾಖಾನಾ’ಗಳೂ ಇವೆ, ಮಲೇರಿಯದ ರಕ್ತಪರೀಕ್ಷೆ, ಮಾತ್ರೆ ಅಲ್ಲಿ ಉಚಿತ. ಜೋಗೇಶ್ವರಿ ಪೂರ್ವದಲ್ಲಿ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಗಿರುವ ಬಾಳಾಸಾಹೇಬ್ ಠಾಕ್ರೆ ಟ್ರಾಮಾ ಕೇರ್ ಆಸ್ಪತ್ರೆ ಹೆಸರಿನಲ್ಲಿ ಅಪಘಾತದವರಿಗೆಂದು ಕಂಡರೂ ಇತರ ರೋಗಿಗಳನ್ನೂ ನೋಡುವ ಪಾಲಿಕೆಯ ಆಸ್ಪತ್ರೆ. ಅಲ್ಲಿಂದ ದಕ್ಷಿಣಕ್ಕೆ ಜುಹೂ ಭಾಗದಲ್ಲಿ ಕೂಪರ್ ಆಸ್ಪತ್ರೆ, ದೂರದ ಚಿಂಚ್‌ಪೋಕಳಿಯಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಇರುವ ಕಸ್ತೂರ್ಬಾ ಆಸ್ಪತ್ರೆ. ಎಲ್ಲಿಗೆ ಹೋದರೂ ಹಿಂದಿನ ಕೇಸ್ ಪೇಪರ್, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಅಥವಾ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನಾದರೂ ಒಯ್ಯಬೇಕು; ಜ್ವರದ ಮೊದಲ ದಿನದ ತಾರೀಖು, ಕೊನೆಯ ಸಲ ಮೂತ್ರ ಹೋದ ಗಂಟೆ ಇವನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಬೇಕು. ಮರಾಠಿ, ಹಿಂದಿ ಸರಿಯಾಗಿ ಬಾರದ ಅಜ್ಜಿಯೊಬ್ಬಳೇ ಜೊತೆಗಿದ್ದರೂ ಅಂಕಿಗಳನ್ನು ವೈದ್ಯರು ಓದಿಕೊಳ್ಳುತ್ತಾರೆ. ಆರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ಹೋಗದಿದ್ದರೆ, ಅಥವಾ ರೋಗಿ ಮಾತಿಗೆ ಸರಿಯಾಗಿ ಓಗೊಡದಿದ್ದರೆ, ಜ್ವರ ಇರಲಿ ಇಲ್ಲದಿರಲಿ, ಬೆಳಗಿನ ಓಪಿಡಿಗೆ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. 108ರ ಆಂಬ್ಯುಲೆನ್ಸಿಗೆ ಹಣ ಕೊಡಬೇಕಾಗಿಲ್ಲ.